ಮೂರಕ್ಕೇ ಕೈ ನಿಲ್ಲಿಸುವ ಬ್ರೇಕಕ್ಕ

ಬೆಳಗಿನ ಜಾವ ಐದು ಗಂಟೆಗೆ ಬ್ರೇಕಕ್ಕ ತಲೆಯಿಂದ ಒಂದು ಕೂದಲು ಕಿತ್ತುಕೊಳ್ಳುತ್ತಾರೆ. ಅದನ್ನು ಕೆಲಸದ ಮೇಜಿನ ಮೇಲೆ ನೇರವಾಗಿ ಹಾಸಿ, ಮೇಲೊಂದು ಹಳೆಯ ಪತ್ರಿಕೆಯ ಹಾಳೆ ಮುಚ್ಚುತ್ತಾರೆ. ಆಮೇಲೆ ಕಣ್ಣು ಮುಚ್ಚಿಕೊಂಡು ಬಲಗೈಯ ತೋರುಬೆರಳನ್ನು ಹಾಳೆಯ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಎಳೆಯುತ್ತಾರೆ. ಕೂದಲು ಇರುವ ಕಡೆ ಬೆರಳು ತಡೆಯಬೇಕು. ತಡೆಯುವುದಿಲ್ಲ. ಮತ್ತೊಮ್ಮೆ ಎಳೆಯುತ್ತಾರೆ. ಬೆರಳು ಸೀದಾ ಮೇಜಿನ ಅಂಚಿಗೆ ಹೋಗಿ ಮುಟ್ಟುತ್ತದೆ.

"ಹೋದ ವರ್ಷ ಎರಡು ಹಾಳೆ ಕೆಳಗಿದ್ರೂ ಸಿಗ್ತಿತ್ತು," ಎನ್ನುತ್ತಾರೆ ಕಣ್ಣು ತೆರೆದು. "ಈಗ ಒಂದೇ ಹಾಳೆ. ಅದೂ ಸಿಗ್ತಿಲ್ಲ. ಬೆರಳು ಹೋಗ್ತಿರೋದು ಒಂದು ಕಡೆ, ದಿನಾ ಕಿತ್ತು ಕಿತ್ತು ತಲೆಕೂದ್ಲೂ ಹೋಗ್ತಿದೆ."

ನಗೆಯಾಡುತ್ತಾರೆ, ಆದರೆ ಈ ಬೆರಳು ಹೋದರೆ ಅವರ ಕಸುಬು ಹೋದಂತೆ. ಅದಕ್ಕಿಂತ ದೊಡ್ಡ ಭಯವೆಂದರೆ, ಬೆರಳು ಹೋಗಿರುವುದು ಗೊತ್ತಾಗದೆ ಕಸುಬು ಮುಂದುವರಿಸಿದರೆ ಯಾರದೋ ಬೆನ್ನುಮೂಳೆ ಮುರಿದೀತು. ಆ ಭಯಕ್ಕೆ ಕಾರಣ ಅದೇ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದೆ. ಅದನ್ನು ಆಮೇಲೆ ಹೇಳೋಣ.

ಮೊದಲು ಕಸುಬಿನ ವಿಷಯ. ಸೈಕಲ್ಲು ಇರುವುದು ಓಡುವುದಕ್ಕೆ ಎಂದು ನಾವೆಲ್ಲ ನಂಬಿದ್ದೇವೆ. ಬ್ರೇಕಕ್ಕನ ಬಳಿ ಬರುವ ಸೈಕಲ್ಲುಗಳು ನಿಲ್ಲುವುದಕ್ಕೆಂದೇ ಹುಟ್ಟಿದವು. ಇವಕ್ಕೆ ಟ್ರಯಲ್ಸ್ ಸೈಕಲ್ ಎನ್ನುತ್ತಾರೆ. ಇವಕ್ಕೆ ಸೀಟಿರುವುದಿಲ್ಲ. ಬೀದಿಯವರಲ್ಲಿ ಕೆಲವರು ಇಂದಿಗೂ ಯಾರೋ ಸೀಟು ಕದ್ದೊಯ್ದಿದ್ದಾರೆಂದೇ ತಿಳಿದು ಮರುಗುವುದುಂಟು. ಸವಾರ ನಿಂತೇ ಇರಬೇಕು. ಬಂಡೆಯಿಂದ ಬಂಡೆಗೆ, ಸಿಮೆಂಟ್ ಕೊಳವೆಯಿಂದ ಮರದ ದಿಮ್ಮಿಗೆ ಸೈಕಲ್ಲಿನೊಂದಿಗೇ ಕುಪ್ಪಳಿಸಬೇಕು, ಕಾಲು ಮಾತ್ರ ನೆಲಕ್ಕೆ ತಾಗಬಾರದು. ಆಳೆತ್ತರದ ಬಂಡೆಯ ಅಂಚಿಗೆ ಹಿಂದಿನ ಚಕ್ರವೊಂದೇ ಇಳಿದಾಗ, ಆ ಕ್ಷಣವೇ ಬ್ರೇಕು ಕಚ್ಚಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ಸವಾರ ಅಂಗಾತ ಬೀಳುತ್ತಾನೆ.

ಚಕ್ರದ ಲೋಹದ ಬಳೆಗೆ, ಅಂದರೆ ರಿಮ್ಮಿಗೆ, ಎರಡು ಪಕ್ಕದಿಂದ ಬ್ರೇಕಿನ ರಬ್ಬರು ಬಂದು ಒತ್ತುತ್ತದೆ. ರಿಮ್ಮು ನುಣ್ಣಗಿದ್ದರೆ ರಬ್ಬರು ಜಾರುತ್ತದೆ. ಹಾಗಾಗಿ ರಿಮ್ಮಿನ ಪಕ್ಕಗಳನ್ನು ಲೋಹ ಉಜ್ಜುವ ಗ್ರೈಂಡರ್ ಹಿಡಿದು ಗೀರು ಗೀರಾಗಿ ಒರಟು ಮಾಡಬೇಕು. ಸವಾರರು ಇದನ್ನು ‘ಉಜ್ಜಿಸುವುದು’ ಎನ್ನುತ್ತಾರೆ. ಗೀರು ಆಳವಾದರೆ ವಾರದಲ್ಲಿ ರಬ್ಬರನ್ನು ತಿಂದುಹಾಕುತ್ತದೆ, ತೆಳುವಾದರೆ ಎರಡು ದಿನಕ್ಕೇ ನುಣುಪಾಗುತ್ತದೆ. ಈ ಊರಿನ ಹೊರಗೆ, ಕೈಬಿಟ್ಟ ಕಲ್ಲುಕ್ವಾರಿಯಲ್ಲಿ ಪ್ರತಿದಿನ ಬೆಳಿಗ್ಗೆ ಅಭ್ಯಾಸ ಮಾಡುವ ಇಪ್ಪತ್ತಮೂರು ಸವಾರರ ಪೈಕಿ ಇಪ್ಪತ್ತೆರಡು ಮಂದಿ ಬ್ರೇಕಕ್ಕನ ಹತ್ತಿರವೇ ಉಜ್ಜಿಸುವುದು. ಉಳಿದ ಒಬ್ಬನ ಬಗ್ಗೆ ಕೇಳಿದರೆ, "ಅವ್ನು ಡಿಸ್ಕ್ ಬ್ರೇಕ್ ಹಾಕ್ಸಿದಾನೆ, ಅದು ರಿಮ್ಮೇ ಮುಟ್ಟಲ್ಲ, ದೊಡ್ಡ ಮನುಷ್ಯ," ಎಂದು ಮೂತಿ ತಿರುಗಿಸುತ್ತಾರೆ.

ಒಂದು ಪಕ್ಕಕ್ಕೆ ಎಂಟು ನಿಮಿಷ. ವಾರಕ್ಕೆ ಐದರಿಂದ ಏಳು ರಿಮ್ಮು, ಸ್ಪರ್ಧೆಯ ಕಾಲದಲ್ಲಿ ಹನ್ನೆರಡೂ ಆಗುವುದುಂಟು. ಅಲ್ಯೂಮಿನಿಯಂ ಆದ್ದರಿಂದ ಕಿಡಿ ಹಾರುವುದಿಲ್ಲ, ಬೂದು ಪುಡಿ ಹಾರುತ್ತದೆ. ಹಿತ್ತಿಲಿನ ಗೋಡೆ, ನಲ್ಲಿ, ಒಣಗಲು ಹಾಕಿದ ಬಟ್ಟೆ, ಬ್ರೇಕಕ್ಕನ ಹುಬ್ಬು, ಎಲ್ಲದಕ್ಕೂ ಒಂದೇ ಬಣ್ಣ. ಉಜ್ಜಿದ ಮೇಲೆ, ತಂತಿಯ ಬದಲು ಎಣ್ಣೆಯ ಒತ್ತಡದಿಂದ ಕಚ್ಚುವ ಈ ಬ್ರೇಕಿನ ಕೊಳವೆಗೆ ಸಿರಿಂಜಿನಿಂದ ಎಣ್ಣೆ ತುಂಬಿ, ಕೊಳವೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಕೂರುತ್ತಾರೆ. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಒಂದೊಂದಾಗಿ ಮೇಲೆ ಬರಬೇಕು.

"ಒಂದು ಗುಳ್ಳೆ ಉಳಿದ್ರೂ ಬ್ರೇಕು ಸುಳ್ಳು ಹೇಳುತ್ತೆ. ಕೈಗೆ ಹಿಡಿದ ಹಾಗೆ ಅನ್ಸುತ್ತೆ, ಚಕ್ರಕ್ಕೆ ಹಿಡಿದಿರಲ್ಲ," ಎನ್ನುತ್ತಾರೆ. ಹೊಸ ಸವಾರರು ಚೀಲ ತುಂಬ ಬಿಡಿಭಾಗ ಹೊತ್ತು ಬರುತ್ತಾರೆ. ಹಗುರ ಪೆಡಲು, ನೇರಳೆ ಬಣ್ಣದ ಲೀವರು, ಹೊಳೆಯುವ ಚೈನು. ಬ್ರೇಕಕ್ಕ ಎಲ್ಲವನ್ನೂ ಚೀಲಕ್ಕೇ ವಾಪಸು ಹಾಕಿಸುತ್ತಾರೆ. "ಮದುವೆ ಹೆಣ್ಣಲ್ಲ ಇದು, ಸಿಂಗಾರ ಆಮೇಲೆ. ಮೊದ್ಲು ನಿಲ್ಲೋದು ಕಲೀಲಿ."

ಇಷ್ಟು ಮಾತಾಡುವ ಬ್ರೇಕಕ್ಕ ಒಂದೇ ಒಂದು ವಿಷಯಕ್ಕೆ ಬಂದರೆ ಕಲ್ಲಾಗುತ್ತಾರೆ. ಪ್ರತಿ ಸಲ ಉಜ್ಜಿದಾಗಲೂ ರಿಮ್ಮಿನ ಗೋಡೆ ಕೂದಲೆಳೆಯಷ್ಟು ತೆಳುವಾಗುತ್ತದೆ. ಉಜ್ಜಿದಾಗಲೆಲ್ಲ ಗಾಳಿ ತುಂಬುವ ವಾಲ್ವಿನ ತೂತಿನ ಪಕ್ಕ ಮೊಳೆಯಿಂದ ಒಂದು ಚುಕ್ಕೆ ಕುಟ್ಟುತ್ತಾರೆ. ಮೂರು ಚುಕ್ಕೆಯಾಯಿತೆಂದರೆ ಮುಗಿಯಿತು. ಅದೇ ರಿಮ್ಮು ಮತ್ತೆ ಬಂದರೆ, ಅದರ ಒಡೆಯನ ಕಣ್ಣೆದುರಿಗೇ ಗರಗಸದಿಂದ ಎರಡು ತುಂಡು ಮಾಡುತ್ತಾರೆ. ಬೇಡಿಕೊಂಡವರುಂಟು, ಅತ್ತವರುಂಟು, ಒಬ್ಬ ಗರಗಸಕ್ಕೇ ಕೈ ಅಡ್ಡ ಹಿಡಿದದ್ದೂ ಉಂಟು. ಯಾರ ಮಾತೂ ನಡೆದಿಲ್ಲ.

ಚುಕ್ಕೆಯ ಜೊತೆಗೆ ಬೆರಳಿನ ಪರೀಕ್ಷೆ ಬೇರೆ. ಅಳತೆಯ ಉಪಕರಣ ರಿಮ್ಮಿನ ಅಂಚಿಗೆ ಕೂರುತ್ತದೆ, ಅಂಚು ಯಾವಾಗಲೂ ದಪ್ಪ. ಸವೆಯುವುದು ಅದರ ಕೆಳಗಿನ ಭಾಗ. ಹೆಬ್ಬೆರಳು ಒಳಗೆ, ತೋರುಬೆರಳು ಹೊರಗೆ ಇಟ್ಟು ಇಡೀ ಚಕ್ರ ಸುತ್ತಿದರೆ ಎಲ್ಲಿ ತಗ್ಗಿದೆಯೋ ಅಲ್ಲಿ ಬೆರಳೇ ಹೇಳುತ್ತದೆ. ಬ್ರೇಕಕ್ಕನ ಬೆರಳು ಹಾಗೆ ಇಪ್ಪತ್ತಾರು ವರ್ಷ ಹೇಳಿದೆ.

ಈಗ ನಲವತ್ತೊಂಬತ್ತು ವಯಸ್ಸಿನ ಅವರು ಹತ್ತೊಂಬತ್ತಕ್ಕೇ ಪಾತ್ರೆ ಪಾಲಿಷ್ ಮಾಡುವ ಕಾರ್ಖಾನೆ ಸೇರಿದವರು. ಅಪ್ಪ ತೀರಿಕೊಂಡಿದ್ದರು, ಅಮ್ಮ ಹಾಸಿಗೆ ಹಿಡಿದಿದ್ದರು, ಹನ್ನೊಂದು ವರ್ಷದ ತಮ್ಮ ಒಬ್ಬನಿದ್ದ. ಮನೆಯಲ್ಲಿ ಅವನನ್ನು ಪುಟ್ಟ ಎನ್ನುತ್ತಿದ್ದರು. ಪುಟ್ಟನಿಗೀಗ ನಲವತ್ತೊಂದು, ತಲೆ ಅರ್ಧ ಬೆಳ್ಳಗಾಗಿದೆ, ಹೆಸರು ಮಾತ್ರ ದೊಡ್ಡದಾಗಿಲ್ಲ. "ಪುಟ್ಟ ಅಂದ್ಮೇಲೆ ಅವರು ಇವರು ಅಂತೆಲ್ಲ ಬೇಡ," ಎಂದು ಅವನೇ ಹೇಳಿದ್ದರಿಂದ ಇಲ್ಲಿಯೂ ಹಾಗೇ ಬರೆದಿದೆ.

ಹದಿನೈದರ ಪುಟ್ಟ ಗುಜರಿಯಿಂದ ಬಿಡಿಬಿಡಿಯಾಗಿ ತಂದು ಟ್ರಯಲ್ಸ್ ಸೈಕಲ್ಲೊಂದನ್ನು ಜೋಡಿಸಿದ. ಬ್ರೇಕು ಜಾರುತ್ತಿತ್ತು. ಮೊಣಕೈ ತರಚಿಕೊಂಡು ಮನೆಗೆ ಬಂದವನನ್ನು ನೋಡಿ ಅಕ್ಕ ಕಾರ್ಖಾನೆಯಿಂದ ಗ್ರೈಂಡರ್ ಕೇಳಿ ತಂದರು. "ಇಡೀ ದಿನ ನುಣ್ಣಗೆ ಮಾಡೋ ಕೈ ನಂದು. ಒರಟು ಮಾಡೋದೇನು ಮಹಾ ಅಂದ್ಕೊಂಡೆ. ಮೊದಲ್ನೇ ರಿಮ್ಮು ಹಾಳಾಯ್ತು, ಎರಡ್ನೇದೂ ಹಾಳಾಯ್ತು. ಮೂರನೇದು ಕಚ್ಚಿತು ನೋಡಿ, ಇವನು ಗೋಡೆ ಮೇಲೆ ಸೈಕಲ್ ನಿಲ್ಲಿಸ್ಕೊಂಡು ಅಕ್ಕಾ ಅಂತ ಕೂಗಿದ್ದು ಇಡೀ ಬೀದಿಗೆ ಕೇಳ್ತು." ಅವನ ಸೈಕಲ್ಲು ನೋಡಿ ಇನ್ನೊಬ್ಬ ಬಂದ, ಅವನನ್ನು ನೋಡಿ ಮತ್ತೊಬ್ಬ. ಕೆಲವೇ ವರ್ಷಗಳಲ್ಲಿ ಬ್ರೇಕಕ್ಕ ಕಾರ್ಖಾನೆ ಬಿಟ್ಟು ಮನೆಯ ಮುಂದಿನ ಕೋಣೆಯನ್ನೇ ಸೈಕಲ್ ಅಂಗಡಿ ಮಾಡಿಕೊಂಡರು.

ಹನ್ನೊಂದು ವರ್ಷದ ಹಿಂದೆ ಪುಟ್ಟ ದೊಡ್ಡ ಸ್ಪರ್ಧೆಯೊಂದರ ಕೊನೆಯ ಸುತ್ತಿಗೆ ಬಂದಿದ್ದ. ಹಿಂದಿನ ಸಂಜೆ ಬ್ರೇಕು ಜಾರತೊಡಗಿತು. ರಿಮ್ಮಿನಲ್ಲಿ ಆಗಲೇ ಮೂರು ಚುಕ್ಕೆಗಳಿದ್ದವು. ಮೂರರ ನಿಯಮ ಆಗಲೂ ಇತ್ತು, ಆದರೆ ಇಷ್ಟು ಗಟ್ಟಿಯಾಗಿರಲಿಲ್ಲ. "ಒಂದೇ ಒಂದ್ ಸಲ ಅಕ್ಕಾ" ಎಂದ. ಅಕ್ಕ ಬೆರಳಾಡಿಸಿ ನೋಡಿದರು. ರಿಮ್ಮು ಇನ್ನೊಂದು ಸಲ ತಾಳೀತು ಎನಿಸಿತು. ಮೆಲ್ಲಗೆ ಉಜ್ಜಿಕೊಟ್ಟರು. ಮಾರನೆಯ ದಿನ ಮೂರನೇ ಬಂಡೆಯ ತುದಿಯಲ್ಲಿ, ಒಂದೇ ಚಕ್ರದ ಮೇಲೆ ನಿಂತು ಬ್ರೇಕು ಬಿಗಿದಾಗ ರಿಮ್ಮಿನ ಗೋಡೆ ಹರಿದು ಬಾಯ್ಬಿಟ್ಟಿತು. ಪುಟ್ಟ ಅಂಗಾತ ಬಿದ್ದ. ಸೊಂಟದ ಎಲುಬು ಪುಡಿಯಾಯಿತು. ಎರಡು ಊರುಗೋಲು ಹಿಡಿದರೆ ಕೋಣೆಯಿಂದ ಬೀದಿಯವರೆಗೆ ನಡೆಯುತ್ತಾನೆ, ಅಷ್ಟೇ.

ಅಂದಿನಿಂದ ಅಂಗಡಿಯ ಮುಂದೆ ಕೂತು ಸಾಮಾನ್ಯ ಸೈಕಲ್ಲುಗಳ ಟ್ಯೂಬಿಗೆ ಪಂಕ್ಚರ್ ಹಾಕುತ್ತಾನೆ. ರಾತ್ರಿ ಅಲ್ಲೇ ಮಲಗುತ್ತಾನೆ. ಟ್ರಯಲ್ಸ್ ರಿಮ್ಮನ್ನು ಮುಟ್ಟಿಲ್ಲ. ಬಿದ್ದ ದಿನದ ಬಗ್ಗೆ ಒಂದು ಮಾತೂ ಆಡಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಹಾಗಿದ್ದರೆ ಈ ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ವರ್ಷದ ಬಂಗಾರ ರಾಶಿ ಬಿದ್ದಿದೆ. ಅದರಿಂದ ಯಾರಿಗೂ ಸುಖವಾಗಿಲ್ಲ. ಅಕ್ಕ ಊಟ ಬಡಿಸುತ್ತಾರೆ, ತಮ್ಮ ಉಣ್ಣುತ್ತಾನೆ. "ಉಪ್ಪು ಕಮ್ಮಿ" ಎನ್ನುವುದು ಒಂದು ದೊಡ್ಡ ಮಾತುಕತೆ.

ಕಳೆದ ಚಳಿಗಾಲದಲ್ಲಿ ಬ್ರೇಕಕ್ಕನ ಬಲಗೈ ಬೆರಳುಗಳು ಬೆಳಿಗ್ಗೆ ಸುಣ್ಣದಂತೆ ಬಿಳಿಚಿಕೊಳ್ಳತೊಡಗಿದವು. ಗ್ರೈಂಡರಿನ ಅದುರಾಟಕ್ಕೆ ನರ ಸತ್ತಿದೆ, ಯಂತ್ರ ಬಿಡಿ, ಸತ್ತ ನರ ಮರಳಿ ಬರುವುದಿಲ್ಲ ಎಂದರು ವೈದ್ಯರು. "ಬಿಡ್ತೀನಿ ಸ್ವಾಮಿ, ಬಿಟ್ಟು ಯಾರ ಕೈಗೆ ಕೊಡ್ಲಿ? ಗ್ರೈಂಡರ್ ಹಿಡಿಯೋಕೆ ನೂರು ಜನ ಸಿಗ್ತಾರೆ. ಬೇಡ ಅನ್ನೋಕೆ ಯಾರು ಸಿಗ್ತಾರೆ?" ಹಾಗಾಗಿ ಕೂದಲಿನ ಪರೀಕ್ಷೆ. ದಿನವೂ ಸೋಲುತ್ತಾರೆ, ದಿನವೂ ಅಂಗಡಿ ತೆರೆಯುತ್ತಾರೆ.

ಕಳೆದ ಶನಿವಾರ ಬೆಳಿಗ್ಗೆ ಆರಕ್ಕೆ ಅಂಗಡಿಗೆ ಬಂದವಳು ಕೊರಿಯರ್ ಹುಡುಗಿ. ಇಪ್ಪತ್ತನಾಲ್ಕು ವಯಸ್ಸು, ಹಗಲೆಲ್ಲ ಮನೆಮನೆಗೆ ಪೊಟ್ಟಣ ಹಂಚುತ್ತಾಳೆ. ಕ್ವಾರಿಯಲ್ಲಿ ಅವಳಷ್ಟು ಎತ್ತರ ನೆಗೆಯುವವರಿಲ್ಲ. ಮಾರನೆಯ ದಿನ ತಂಡದ ಆಯ್ಕೆ, ಆ ಆಯ್ಕೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಹಿಂದಿನ ಚಕ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಬಂದವಳೇ ವಾಲ್ವಿನ ತೂತಿನ ಮೇಲೆ ಬೆರಳಿಟ್ಟು, "ಎರಡೇ ಚುಕ್ಕೆ ಅಕ್ಕಾ, ಇದು ಮೂರನೇದು," ಎಂದಳು.

ಬ್ರೇಕಕ್ಕ ಟಯರು ಬಿಚ್ಚಿ, ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಂಡು ರಿಮ್ಮಿನ ಸುತ್ತ ಬೆರಳಾಡಿಸುತ್ತಾರೆ. ಒಂದು ಸುತ್ತು, ಎರಡು ಸುತ್ತು. ಏನೂ ತಡೆಯುವುದಿಲ್ಲ. "ಸರಿ ಇದೆ," ಎಂದು ಗ್ರೈಂಡರ್ ಎತ್ತಿಕೊಳ್ಳುತ್ತಾರೆ.

"ಅಕ್ಕಾ, ಅದನ್ನ ಇಲ್ಲಿ ಕೊಡು."

ಅಂಗಡಿಯ ಬಾಗಿಲ ಬಳಿ ಕೂತಿದ್ದ ಪುಟ್ಟನ ಧ್ವನಿ. ಬ್ರೇಕಕ್ಕನಿಗೆ ಮೊದಲು ಅರ್ಥವಾಗುವುದಿಲ್ಲ. ಪಂಪು ಕೇಳುತ್ತಿದ್ದಾನೆಂದು ಪಂಪು ಎತ್ತಿ ತೋರಿಸುತ್ತಾರೆ.

"ಅದಲ್ಲ. ಚಕ್ರ."

ಊರುಗೋಲು ಗೋಡೆಗೆ ಒರಗಿಸಿ, ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಅವನು ಬೆರಳಾಡಿಸುತ್ತಾನೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅರ್ಧ ಸುತ್ತು ಆಗುವ ಮೊದಲೇ ಬೆರಳು ನಿಲ್ಲುತ್ತದೆ. ಅಲ್ಲೇ ಹಿಂದೆ ಮುಂದೆ ಆಡಿಸುತ್ತಾನೆ. "ಇಲ್ಲಿ ಗುಳಿ ಬಿದ್ದಿದೆ. ಮೆಷಿನ್ನು ಇಲ್ಲಿಂದ ಶುರು ಮಾಡಿದಾರೆ. ಹೊಸಬರು ಶುರು ಮಾಡೋ ಜಾಗದಲ್ಲೇ ಒತ್ತಿ ಹಿಡೀತಾರೆ. ಇದು ಅಕ್ಕನ ಕೈ ಅಲ್ಲ." ತಲೆಯೆತ್ತಿ ಹುಡುಗಿಯನ್ನು ನೋಡುತ್ತಾನೆ. "ಮನೇಲಿ ಉಜ್ಜಿಕೊಂಡೆ, ಅಲ್ವಾ? ಚುಕ್ಕೆ ಹಾಕ್ಲಿಲ್ಲ."

ಹುಡುಗಿ ಮೂರು ವಾರದ ಹಿಂದೆ ಚಿಕ್ಕಪ್ಪನ ಗ್ರೈಂಡರಿನಲ್ಲಿ ತಾನೇ ಉಜ್ಜಿಕೊಂಡದ್ದನ್ನು ಒಪ್ಪಿಕೊಳ್ಳುತ್ತಾಳೆ. ಅಭ್ಯಾಸಕ್ಕೆ ಬ್ರೇಕು ಬೇಕಿತ್ತು, ಆಯ್ಕೆಯ ದಿನಕ್ಕೆ ಅಕ್ಕನ ಒಂದು ಉಜ್ಜು ಉಳಿಸಿಕೊಳ್ಳಬೇಕಿತ್ತು. "ನಾಳೆ ಒಂದೇ ದಿನ ಅಣ್ಣಾ. ಆಮೇಲೆ ನಾನೇ ಮುರಿದು ಹಾಕ್ತೀನಿ. ನಿಮಗೆ ಹೇಗೆ ಗೊತ್ತಾಯ್ತು?"

"ಯಾರೂ ಕೇಳದೇ ಇದ್ರೂ ಚುಕ್ಕೆ ಎಣಿಸಿ ತೋರಿಸ್ದೆಯಲ್ಲ. ನಾನೂ ಹಾಗೇ ತೋರಿಸಿದ್ದೆ."

ಗ್ರೈಂಡರ್ ಇನ್ನೂ ಬ್ರೇಕಕ್ಕನ ಕೈಯಲ್ಲೇ ಇರುತ್ತದೆ. "ಏನಂದೆ?" ಎನ್ನುತ್ತಾರೆ.

"ಆ ಸ್ಪರ್ಧೆಗೆ ಮುಂಚೆ ನೀನು ಚಿಕ್ಕಮ್ಮನ ಊರಿಗೆ ಹೋಗಿದ್ದೆ, ನಾಲ್ಕು ದಿನ," ಎನ್ನುತ್ತಾನೆ ಪುಟ್ಟ, ಚಕ್ರದಿಂದ ಕಣ್ಣು ತೆಗೆಯದೆ. "ಆಗ ನಾನೇ ಒಂದ್ ಸಲ ಉಜ್ಜಿಕೊಂಡಿದ್ದೆ. ನೀನು ಉಜ್ಜಿದ್ದು ನಾಲ್ಕನೇದಲ್ಲ ಅಕ್ಕಾ, ಐದನೇದು. ಹೇಳಿದ್ರೆ ನೀನು ಉಜ್ಜಿಕೊಡಲ್ಲ ಅಂತ ಹೇಳ್ಲಿಲ್ಲ. ಬಿದ್ದ ಮೇಲೆ ಹೇಳೋಕೆ ಮುಖ ಇರಲಿಲ್ಲ. ಆಮೇಲೆ ಹೇಳದೇ ಇರೋದೇ ಅಭ್ಯಾಸ ಆಗೋಯ್ತು."

ಬೀದಿಯಲ್ಲಿ ಹಾಲಿನ ಗಾಡಿ ಹೋಗುತ್ತದೆ. ಬ್ರೇಕಕ್ಕ ಗ್ರೈಂಡರ್ ಕೆಳಗಿಟ್ಟು ಗರಗಸ ಎತ್ತಿಕೊಳ್ಳುತ್ತಾರೆ. ಕಡ್ಡಿ ಎಲ್ಲ ಬಿಚ್ಚಿ, ರಿಮ್ಮನ್ನು ಮೇಜಿನ ಇಕ್ಕಳಕ್ಕೆ ಬಿಗಿದು, ಪುಟ್ಟ ಬೆರಳಿಟ್ಟ ಜಾಗದಲ್ಲೇ ಕೊಯ್ಯುತ್ತಾರೆ. ಉಳಿದ ಕಡೆ ಬೆರಳಿನ ಉಗುರಿನಷ್ಟು ದಪ್ಪವಿರುವ ಗೋಡೆ ಅಲ್ಲಿ ಕಾಗದದಂತಿದೆ. ಹುಡುಗಿ ಅದನ್ನು ನೋಡಿದರೂ ಅಳು ನಿಲ್ಲಿಸುವುದಿಲ್ಲ. ಆ ಅಳತೆಯ ರಿಮ್ಮು ಊರಿನಲ್ಲಿ ಎಲ್ಲೂ ಸಿಗುವುದಿಲ್ಲ, ತರಿಸಲು ಎರಡು ವಾರ ಬೇಕು. ಬರಿಯ ಕಡ್ಡಿ, ಟಯರು ಎತ್ತಿಕೊಂಡು ಅವಳು ಹೊರಟುಹೋಗುತ್ತಾಳೆ. ಭಾನುವಾರದ ಆಯ್ಕೆ ಅವಳಿಲ್ಲದೆ ನಡೆಯಿತು. ಆಮೇಲೆ ಅವಳು ಅಂಗಡಿಯ ಕಡೆ ಬಂದಿಲ್ಲ. ದಾರಿಯಲ್ಲಿ ಸಿಕ್ಕರೂ ಬ್ರೇಕಕ್ಕನ ಮುಖ ನೋಡುವುದಿಲ್ಲವಂತೆ. "ಬದುಕಿದಾಳಲ್ಲ, ಬೈಕೊಂಡು ಓಡಾಡ್ಲಿ," ಎನ್ನುತ್ತಾರೆ ಬ್ರೇಕಕ್ಕ.

ತಮ್ಮನ ಮಾತಿನಿಂದ ಎದೆಯ ಭಾರ ಇಳಿದಿರಬೇಕಲ್ಲ ಎಂದು ಕೇಳಿದರೆ ಅವರು ತೋರುಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡುತ್ತಾರೆ. ಹಾಗೆ ಇಳಿಯುವ ಭಾರ ಅದಲ್ಲ. "ಅವನು ಮುಚ್ಚಿಟ್ಟ, ಸರಿ. ನಾನು ಮುಟ್ಟಿ ನೋಡಿದ್ದೆನಲ್ಲ? ಹನ್ನೊಂದು ವರ್ಷದ ಹಿಂದೆ ಈ ಬೆರಳು ಚೆನ್ನಾಗೇ ಇತ್ತು ಅಂದ್ಕೊಂಡಿದ್ದೆ. ಗುಳಿ ಇತ್ತು, ನನಗೆ ಸಿಗಲಿಲ್ಲ. ಆಗ್ಲೇ ಹೋಗಿತ್ತೋ ಏನೋ. ಇಲ್ಲಾ, ಅವನು ಕೇಳ್ದ ಅಂತ ಬೆರಳೂ ಸುಮ್ನಾಯ್ತೋ. ಇದನ್ನ ಈಗ ಯಾವ ಡಾಕ್ಟ್ರು ಹೇಳ್ತಾರೆ?"

ಶನಿವಾರದ ನಂತರ ಅಂಗಡಿಯಲ್ಲಿ ಒಂದು ಬದಲಾವಣೆಯಾಗಿದೆ. ಬಂದ ರಿಮ್ಮು ಮೊದಲು ಪುಟ್ಟನ ತೊಡೆಯ ಮೇಲೆ ಹೋಗುತ್ತದೆ. ಅವನು ‘ಆಗುತ್ತೆ’ ಎಂದರೆ ಹಿತ್ತಿಲಿಗೆ, ‘ಬೇಡ’ ಎಂದರೆ ಗರಗಸಕ್ಕೆ. ಗ್ರೈಂಡರ್ ಹಿಡಿಯುವುದು ಸದ್ಯಕ್ಕೆ ಬ್ರೇಕಕ್ಕನೇ. ಯಂತ್ರ ಬಿಡಬೇಕೆಂಬ ವೈದ್ಯರ ಮಾತು ಅವರಿಗೆ ಮರೆತಿಲ್ಲ. ಕ್ವಾರಿಯ ಸವಾರರಲ್ಲಿ ಇಬ್ಬರಿಗೆ ಕಲಿಸತೊಡಗಿದ್ದಾರೆ. ಒಬ್ಬನಿಗೆ ಕೈ ಭಾರ, ಇನ್ನೊಬ್ಬಳಿಗೆ ಅವಸರ. "ಅವನಿಗೆ ಕಾಲಿಲ್ಲ, ನನಗೆ ಬೆರಳಿಲ್ಲ. ಇಬ್ರೂ ಸೇರಿ ಒಬ್ಬ ಮೆಕ್ಯಾನಿಕ್ ಆಗಿದೀವಿ. ನಡೀಲಿ ನಡಿಯೋವಷ್ಟು ದಿನ," ಎಂದು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ. ಸವಾರರಿಗೆ ಇದು ಹಿಡಿಸಿಲ್ಲ. ಅಕ್ಕನ ಹತ್ತಿರ ಕಾಡಿಬೇಡಬಹುದಿತ್ತು, ಪುಟ್ಟನ ಎದುರು ಊರುಗೋಲುಗಳನ್ನು ನೋಡಿಕೊಂಡು ಯಾರಿಗೂ ಬಾಯಿ ಬರುವುದಿಲ್ಲ.

ಆಸೆ ಏನಾದರೂ ಇದೆಯೇ ಎಂದು ಕೊನೆಗೆ ಕೇಳಿದಾಗ ಬ್ರೇಕಕ್ಕ ಮುಂದಿನ ಕೋಣೆಯ ಕಡೆ ನೋಡುತ್ತಾರೆ. ಅಲ್ಲಿ ಪುಟ್ಟ ಯಾರದೋ ಚಕ್ರವನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದಾನೆ.

"ಒಂದು ದಿನ ಅವನು ನನ್ನ ಚೆನ್ನಾಗಿ ಬೈದ್ಬಿಡ್ಲಿ, ನಿನ್ನಿಂದ್ಲೇ ಹಿಂಗಾಯ್ತು ಅಂದ್ಬಿಡ್ಲಿ ಅಂತ ಕಾಯ್ತಿದ್ದೆ. ಹನ್ನೊಂದು ವರ್ಷ. ಅದೊಂದೇ ಆಸೆ ಇತ್ತು," ಎನ್ನುತ್ತಾರೆ ಧ್ವನಿ ತಗ್ಗಿಸಿ. "ಈಗ ನೋಡಿದ್ರೆ ನಾನೇ ಅವನ್ನ ಬೈಬೇಕು. ದಿನಾ ಬೆಳಗ್ಗೆ ಎದ್ದು, ಇವತ್ತು ಬೈತೀನಿ ಅಂದ್ಕೋತೀನಿ. ಅವನು ಚಕ್ರ ಹಿಡ್ಕೊಂಡು ಕೂತಿರ್ತಾನೆ. ನಾನು ಚಹಾ ಕೊಟ್ಟು ಬರ್ತೀನಿ."